ಮುಳುಗಡೆಯ ಊರಿಂದ ನಾವು ಹೊತ್ತು ತಂದದ್ದೇನು?

(ಆಲಮಟ್ಟಿಯಲ್ಲಿ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ನನಗೆ ಕೊಟ್ಟ ವಿಷಯ ದೊಡ್ಡದು. ಸಣ್ಣ ಸಮುದಾಯಗಳ ಧರ್ಮ, ಸಂಸ್ಕೃತಿ ಕಾಲದ ಹೊಡೆತದಲ್ಲಿ ಹೇಗೆ ಉಳಿಯುತ್ತವೆ, ಹೇಗೆ ಬದಲಾಗುತ್ತವೆ ಎಂದು ಹೇಳಬೇಕಂತೆ. ನಾನು ಸಂಶೋಧಕನಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ. ಆದರೆ ನಾನು ಮುಳುಗಡೆಯ ಊರಿನವನು. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದೇ ದಾರಿಯಲ್ಲಿ ಬಂದವರು. ಹಾಗಾಗಿ ನಮ್ಮ ಊರಿನ ಮಾತಿನಿಂದಲೇ ಆರಂಭಿಸುತ್ತೇನೆ. ಕೊನೆಗೆ ಒಂದು ತಪ್ಪೊಪ್ಪಿಗೆ ಇದೆ. ಅದನ್ನು ಹೇಳಲೆಂದೇ ಈ ಆಮಂತ್ರಣ ಒಪ್ಪಿಕೊಂಡೆ.

ಮೊದಲಿಗೆ ಒಂದು ಇಸವಿಯನ್ನು ನೆನಪಿಸುತ್ತೇನೆ, 1964. ಆ ವರ್ಷ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಲ್ಲಿಗೆ ಬಂದು ಈ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಅದಾಗಿ ಒಂದು ತಿಂಗಳು ಚಿಲ್ಲರೆ ದಿನ, ಜೂನ್ 29ರಂದು, ವಚನ ಪಿತಾಮಹ ಫ.ಗು. ಹಳಕಟ್ಟಿಯವರು ಲಿಂಗೈಕ್ಯರಾದರು. ಇದೇ ವಿಜಯಪುರ ಜಿಲ್ಲೆಯನ್ನು ಕರ್ಮಭೂಮಿ ಮಾಡಿಕೊಂಡವರು ಅವರು. ಮುಳುಗಿ ಹೋಗುತ್ತಿದ್ದ ವಚನಗಳನ್ನು ಮೇಲೆತ್ತಿದ ಮಹಾನುಭಾವ ಹೋದ ವರ್ಷದಲ್ಲೇ, ನಮ್ಮ ನೂರಾರು ಹಳ್ಳಿಗಳನ್ನು ಮುಳುಗಿಸಲಿದ್ದ ಕಲ್ಲು ನೆಲಕ್ಕೆ ಬಿತ್ತು. ಇದಕ್ಕೆ ಅದಕ್ಕೆ ಸಂಬಂಧವಿಲ್ಲ ನಿಜ. ಆದರೂ ಈ ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಒಂದು ಪಾಠ ಕಾಣುತ್ತದೆ.

ಆಣೆಕಟ್ಟನ್ನು ಹಳಿಯಲು ನಾನು ನಿಂತಿಲ್ಲ. ಈ ನೀರಿನಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಣ ಹೊಲಗಳಿಗೆ ಹಸಿರು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಟ್ಟಲು ನಾಲ್ಕು ದಶಕ ಹಿಡಿದು, 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಇದನ್ನು ದೇಶಕ್ಕೆ ಅರ್ಪಿಸಿದರು. ಆ ಹೊತ್ತಿಗೆ ನಾವು ಎದ್ದು ಬಂದು ಎಷ್ಟೋ ವರ್ಷವಾಗಿತ್ತು. ಹೊಳೆದಂಡೆಯ ಎರೆಮಣ್ಣು ಬಿಟ್ಟು ಮಡ್ಡಿಯ ಮೇಲೆ ಕುಳಿತೆವು. ಹಳೆಯ ಬಾಗಲಕೋಟೆಯ ಅರ್ಧ ಪ್ಯಾಟಿಗೆ ಪ್ಯಾಟಿಯೇ ಎದ್ದು ನವನಗರ ಸೇರಿತು. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡಲು ಒಳ್ಳೆಯ ಮಣ್ಣಿಲ್ಲದೆ ನಮ್ಮ ಮಕ್ಕಳು ಕಾಲುವೆ ದಂಡೆಗೆ ಹೋದರು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಸ್ವಂತ ಹೊಲವಿಲ್ಲದವರು ಬೀಗರ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದರು. ಹಬ್ಬ ನಿಲ್ಲಲಿಲ್ಲ, ಜಾಗ ಬದಲಾಯಿತು. ಸಂಸ್ಕೃತಿ ಬದಲಾಗಿ ಉಳಿಯುವುದು ಎಂದರೆ ಮೊದಲಿಗೆ ಇಷ್ಟೇ.

ಈಗ ನಮ್ಮ ಮನೆಯ ಒಂದು ಗಂಟಿನ ಕತೆ ಹೇಳುತ್ತೇನೆ. ನಮ್ಮ ದೇವರ ಜಗುಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ತಾಡೋಲೆ ಕಟ್ಟು ಇತ್ತು. ದಿನಾ ಅದಕ್ಕೆ ವಿಭೂತಿ, ಪತ್ರಿ. ಸೋಮವಾರ ಊದಿನಕಡ್ಡಿ. ಒಳಗೆ ಏನಿದೆಯೆಂದು ನನ್ನ ಅಪ್ಪನಿಗೆ ಗೊತ್ತಿರಲಿಲ್ಲ, ಅಜ್ಜನಿಗೂ ಗೊತ್ತಿರಲಿಲ್ಲ. "ಹಿರಿಯರದು, ಬಿಚ್ಚಬಾರದು" ಎನ್ನುತ್ತಿದ್ದರು. ಊರು ಬಿಡುವ ದಿನ ಅಪ್ಪ ಬೇರೆ ಯಾರ ಕೈಗೂ ಕೊಡದೆ ಅದನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು ಟ್ರ್ಯಾಕ್ಟರ್ ಹತ್ತಿದ. ಹೊಸ ಮನೆಯಲ್ಲಿ ಜಗುಲಿ ಕಟ್ಟಿಸಿ ಇಡುವಾಗ ವಸ್ತ್ರ ಹರಿದು ಗಂಟು ಬಿಚ್ಚಿಕೊಂಡಿತು. ಗರಿಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು. ಅಂಚನ್ನು ಗೆದ್ದಲು ತಿಂದಿತ್ತು. ಬಿಡಿಸಲು ಹೋದರೆ ಪುಡಿಯಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟರೆ ಓದಲು ಏನೂ ಉಳಿದಿರಲಿಲ್ಲ. ಅದನ್ನು ಕೆಡಿಸಿದ್ದು ಹೊಳೆಯ ನೀರಲ್ಲ. ಎರಡು ಮೂರು ತಲೆಮಾರು ನಾವು ಮಾಡಿದ ಪೂಜೆಯೇ ಕೆಡಿಸಿತ್ತು.

ಅದೇ ಮನೆಯಲ್ಲಿ ನನ್ನ ಆಯಿ ಇದ್ದಳು. ಅಪ್ಪನ ತಾಯಿ. ಹೆಬ್ಬೆಟ್ಟಿನವಳು. ಬೀಸುವಾಗ, ರೊಟ್ಟಿ ಬಡಿಯುವಾಗ, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚುವಾಗ ಅವಳ ಬಾಯಲ್ಲಿ ವಚನ. ಎಷ್ಟೋ ಶಬ್ದ ತಪ್ಪು, ಎಷ್ಟೋ ಅಂಕಿತ ಅದಲು ಬದಲು. ಬಸವಣ್ಣನವರ ವಚನಕ್ಕೆ ಅಕ್ಕನ ಅಂಕಿತ ಸೇರಿಸಿಬಿಡುತ್ತಿದ್ದಳು. ಆದರೆ ನಾನು ಕನ್ನಡ ಮಾಸ್ತರನಾದದ್ದು ಆ ಗಂಟಿನಿಂದಲ್ಲ, ಆಯಿಯ ಆ ತಪ್ಪು ವಚನಗಳಿಂದ. ಒಂದೇ ಮನೆ, ಒಂದೇ ಪರಂಪರೆ. ಬಿಚ್ಚದೆ ಇಟ್ಟದ್ದು ಸತ್ತಿತು. ಬಳಸಿ ಸವೆಸಿದ್ದು ಬದುಕಿತು.

ಹಳಕಟ್ಟಿಯವರು ಎದುರಿಸಿದ್ದೂ ಇಂಥದೇ ಗಂಟುಗಳನ್ನು. 1904ರಲ್ಲಿ ವಕೀಲಿಕೆಗೆಂದು ವಿಜಯಪುರಕ್ಕೆ ಬಂದವರು, ಹಳ್ಳಿ ಹಳ್ಳಿ ಮನೆ ಮನೆ ಅಲೆದು ಜಗುಲಿಯ ಮೇಲಿದ್ದ ಕಟ್ಟುಗಳನ್ನು ಬೇಡಿ ತಂದು ಬಿಚ್ಚಿದರು, ಪ್ರತಿ ಮಾಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. 1925ರಲ್ಲಿ ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮರುವರ್ಷ ಶಿವಾನುಭವ ಪತ್ರಿಕೆ ತಂದರು. ನಾವು ಇವತ್ತು ಈ ಸಭೆಗೆ ಶಿವಾನುಭವ ಗೋಷ್ಠಿ ಎನ್ನುವಾಗ ಆ ಹೆಸರಿನಲ್ಲಿ ಅವರ ಬೆವರೂ ಇದೆ. ಮನೆ ಮಾರಿ ಮಾತು ಉಳಿಸಿದ ಮನುಷ್ಯನ ಜಿಲ್ಲೆಯಲ್ಲಿ ಹುಟ್ಟಿದವರು ನಾವು. ಮನೆಯ ಪರಿಹಾರ ಎಣಿಸಿಕೊಂಡು ಮಾತು ಮರೆತೆವೇ ಎಂದು ಒಮ್ಮೊಮ್ಮೆ ನನಗೆ ಹೆದರಿಕೆಯಾಗುತ್ತದೆ.

ಬಂಧುಗಳೆ, ನಮ್ಮದು ಎದ್ದು ನಡೆದೇ ಉಳಿದ ಧರ್ಮ. ಕಲ್ಯಾಣದ ಕ್ರಾಂತಿಯ ನಂತರ ಶರಣರು ದಿಕ್ಕು ದಿಕ್ಕಿಗೆ ಹೋದರು. ಚನ್ನಬಸವಣ್ಣನವರ ಜೊತೆ ಒಂದು ದಂಡು ಉಳವಿಯ ಕಾಡು ಸೇರಿತು. ಅವರು ಕೆರೆ ಕಟ್ಟೆ ಹೊತ್ತು ಹೋಗಲಿಲ್ಲ. ಅಂಗೈಯಲ್ಲಿ ಲಿಂಗ, ಬಾಯಲ್ಲಿ ವಚನ, ಅಷ್ಟೇ. ಇಷ್ಟಲಿಂಗವನ್ನು ಕೊರಳಿಗೆ ಕಟ್ಟಿದ ಬಸವಣ್ಣನವರ ದೂರದೃಷ್ಟಿ ನಮಗೆ ಮುಳುಗಡೆಯ ದಿನ ಅರ್ಥವಾಯಿತು. ಊರ ಗುಡಿ ಬಿಟ್ಟು ಬರಲು ನಮ್ಮ ಊರ ಜನ ಅತ್ತರು. ಕರಡಿಗೆ ಕೊರಳಲ್ಲೇ ಇದ್ದದ್ದರಿಂದ ಲಿಂಗ ಬಿಟ್ಟು ಬಂದೆವೆಂದು ಯಾರೂ ಅಳಬೇಕಾಗಲಿಲ್ಲ.

ಎರಡೂವರೆ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ಚೆದುರಿದ ವಚನಗಳನ್ನು ಕೂಡಿಸಿದರು. ಬರೀ ಪಟ್ಟಿ ಮಾಡಿ ಇಡಲಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿ ವಚನಗಳನ್ನು ಅಲ್ಲಮಪ್ರಭು ಮತ್ತು ಶರಣರ ಸಂವಾದವಾಗಿ ಹೊಂದಿಸಿ ಶೂನ್ಯಸಂಪಾದನೆ ಮಾಡಿದರು. ಆಮೇಲೆ ಮೂವರು ಅದನ್ನು ತಮ್ಮ ತಮ್ಮ ಕಾಲಕ್ಕೆ ತಿದ್ದಿ ಬೆಳೆಸಿದರು. ಒಂದೇ ಗ್ರಂಥಕ್ಕೆ ನಾಲ್ಕು ರೂಪ. "ಹಳೆಯದನ್ನು ಮುಟ್ಟಬಾರದು" ಎಂದು ಅವರು ಕುಳಿತಿದ್ದರೆ ನಮಗೆ ಏನು ಸಿಗುತ್ತಿತ್ತು? ಬಾಯಿಂದ ಗರಿಗೆ, ಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಈಗ ಮೊಬೈಲಿಗೆ ವಚನ ಬಂದಿದೆ. ನಮ್ಮ ಸಿಂದಗಿ ನೆಲದ ಡಾ. ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ಸಮಗ್ರ ವಚನ ಸಂಪುಟಗಳನ್ನು ಸಂಪಾದಿಸಿ ಕೊಟ್ಟರು. 2015ರ ಆಗಸ್ಟ್ 30ರಂದು ಅವರ ಮನೆ ಬಾಗಿಲಲ್ಲೇ ಅವರ ಕೊಲೆಯಾಯಿತು. ಗಂಟು ಬಿಚ್ಚುವ ಕೆಲಸ ಯಾವ ಕಾಲಕ್ಕೂ ಸುಲಭವಲ್ಲ.

ಹಾಗಾದರೆ ಕಲ್ಲು, ಗುಡಿ, ಕ್ಷೇತ್ರ ಬೇಡವೇ ಎಂದು ನೀವು ಕೇಳಬಹುದು. ಬೇಕು. ಕೂಡಲಸಂಗಮ ನೋಡಿ. ಆಲಮಟ್ಟಿಯ ಕೆಳಗೆ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂದಾಗ ಕೃಷ್ಣೆ ಮಲಪ್ರಭೆ ಕೂಡುವ ಆ ಜಾಗದಲ್ಲಿ ಬಸವಣ್ಣನವರ ಐಕ್ಯಮಂಟಪವೂ ಮುಳುಗಬೇಕಿತ್ತು. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಕಾಯ್ದರು. ಈಗ ಸುತ್ತಲೂ ನೀರು, ನಡುವೆ ಮೆಟ್ಟಿಲಿಳಿದು ನಾವು ಐಕ್ಯಸ್ಥಳಕ್ಕೆ ಹೋಗುತ್ತೇವೆ. ಒಳ್ಳೆಯ ಕೆಲಸ. ಆದರೆ ಇದೇ ಕೃಷ್ಣೆಯ ಗುಂಟ ಕೆಳಗೆ ಆಂಧ್ರದ ನಾಗಾರ್ಜುನಕೊಂಡಕ್ಕೂ ಒಮ್ಮೆ ಹೋಗಿ ಬನ್ನಿ. ಸಾವಿರದೇಳುನೂರು ವರ್ಷದ ಹಿಂದೆ ಅಲ್ಲಿ ಬೌದ್ಧರ ದೊಡ್ಡ ವಿಹಾರಗಳಿದ್ದವು. ನಾಗಾರ್ಜುನಸಾಗರ ಕಟ್ಟುವಾಗ ಕಣಿವೆಯನ್ನೆಲ್ಲ ಅಗೆದು, ಮುಖ್ಯ ಕಟ್ಟಡಗಳನ್ನು ಬೆಟ್ಟದ ನೆತ್ತಿಗೆ ಸಾಗಿಸಿ ಮತ್ತೆ ಕಟ್ಟಿದರು. ಆ ಬೆಟ್ಟ ಈಗ ನಡುಗಡ್ಡೆ, ಅಲ್ಲೊಂದು ವಸ್ತು ಸಂಗ್ರಹಾಲಯ. ಕಲ್ಲು ಚೆನ್ನಾಗಿ ಉಳಿದಿದೆ. ಆದರೆ ಆ ಕಲ್ಲಿನ ಎದುರು ಬಾಳಿದ ಜನ ಶತಮಾನಗಳ ಹಿಂದೆಯೇ ಇಲ್ಲವಾಗಿದ್ದರು. ನಾನು ಹೋದಾಗ ದೋಣಿಯಿಂದ ಇಳಿದವರು ಪ್ರವಾಸಿಗಳು, ಫೋಟೋ ತೆಗೆದುಕೊಂಡು ಸಂಜೆಯೊಳಗೆ ತಿರುಗಿ ಬಂದೆವು. ಕೂಡಲಸಂಗಮದ ಮೆಟ್ಟಿಲಿಳಿಯುವ ನಮ್ಮ ಮೊಮ್ಮಕ್ಕಳು ಹಾಗೆ ಫೋಟೋಕ್ಕೆ ಬರುವವರಾಗದಿರಲಿ.

ದೂರದ ಈಜಿಪ್ತಿನಲ್ಲಿ, ಮತ್ತೆ ಅದೇ 1964ರಲ್ಲಿ, ನೈಲ್ ನದಿಯ ಆಸ್ವಾನ್ ಆಣೆಕಟ್ಟಿಗಾಗಿ ಅಬು ಸಿಂಬೆಲ್ ಗುಡಿಯನ್ನು ತುಂಡು ತುಂಡು ಕತ್ತರಿಸಿ ಮೇಲಕ್ಕೆ ಸಾಗಿಸುವ ಕೆಲಸ ಶುರುವಾಯಿತು. ಜಗತ್ತೇ ಹಣ ಕೊಟ್ಟಿತು. ಅದೇ ಹೊತ್ತಿಗೆ ನೂಬಿಯಾ ನಾಡಿನ ಸುಮಾರು 50,000 ಜನರನ್ನು ಕೋಮ್ ಓಂಬೋ ಕಡೆಯ ಹೊಸ ಊರುಗಳಿಗೆ ಕಳಿಸಿದರು. ಗುಡಿಯ ಸುದ್ದಿ ಎಲ್ಲ ಪತ್ರಿಕೆಯಲ್ಲಿ ಬಂತು, ಜನರ ಸುದ್ದಿ ಅಷ್ಟು ಬರಲಿಲ್ಲ. ಆ ಜನ ಹೊಸ ಊರುಗಳಿಗೂ ಮುಳುಗಿದ ಊರುಗಳ ಹೆಸರನ್ನೇ ಇಟ್ಟುಕೊಂಡರು. ನಾವೂ ಹಾಗೆಯೇ ಅಲ್ಲವೇ? ಹಳೆಯ ಹೆಸರಿನ ಮುಂದೆ "ಆರ್.ಸಿ." ಎಂದು ಬರೆದುಕೊಂಡು ಅದೇ ಊರಿನವರು ಎನ್ನುತ್ತೇವೆ.

ನಮ್ಮ ನೆರೆಯ ತಾಂಡಾಗಳಿಂದಲೂ ಕಲಿಯುವುದಿದೆ. ಲಂಬಾಣಿ ಬಂಧುಗಳ ಭಾಷೆಗೆ ಸ್ವಂತ ಲಿಪಿಯಿಲ್ಲ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿ ದೇಶ ಸುತ್ತಿದ ಜನ ಅವರು. ರೈಲು ಬಂದು ಕಸುಬು ಹೋಯಿತು. ಬ್ರಿಟಿಷರ 1871ರ ಕಾನೂನು ಇಂಥ ಅಲೆಮಾರಿಗಳಿಗೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಇಷ್ಟಾದರೂ ಈ ಶ್ರಾವಣದಲ್ಲಿ ಯಾವುದೇ ತಾಂಡಾಕ್ಕೆ ಹೋಗಿ ನೋಡಿ, ತೀಜ್ ಹಬ್ಬಕ್ಕೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗೋಧಿ ಸಸಿ ಬೆಳೆಸಿ ಅವರದೇ ಮಾತಿನಲ್ಲಿ ಹಾಡುತ್ತಿರುತ್ತಾರೆ. ಗೋವಾಕ್ಕೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋದ ಹುಡುಗಿಯರೂ ಹಬ್ಬಕ್ಕೆ ಬಂದು ಸೇರುತ್ತಾರೆ. ಪುಸ್ತಕವಿಲ್ಲದ ಭಾಷೆ ಮನೆಯಲ್ಲಿ ಮಾತಾಡುವುದರಿಂದ ಬದುಕಿದೆ. ಸಾವಿರಾರು ವಚನ ಅಚ್ಚಾಗಿರುವ ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳಿಗೆ ಹತ್ತು ವಚನ ಅರ್ಥಸಹಿತ ಬರುತ್ತದೆ?

ಇಲ್ಲಿಯತನಕ ಉಳಿಯುವುದು ಒಳ್ಳೆಯದು ಎಂದೇ ಮಾತಾಡಿದೆ. ಈಗ ತಪ್ಪೊಪ್ಪಿಗೆಗೆ ಬರುತ್ತೇನೆ. ಯಾಕೆಂದರೆ ಉಳಿಯಬಾರದ್ದೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ.

ನಮ್ಮ ಹಳೆಯ ಊರಿನಲ್ಲಿ ಎಲ್ಲ ಊರಿನಂತೆ ಕೇರಿಗಳಿದ್ದವು. ಗೌಡರ ಓಣಿ, ಗಾಣಿಗರ ಓಣಿ, ಹೊಳೆಯ ಕೆಳಗಡೆಗೆ ಮಾದಾರ ಕೇರಿ. ಹೊಸ ಜಾಗದಲ್ಲಿ ಗೆರೆ ಎಳೆದ ಹಾಗೆ ನಿವೇಶನ. ನಮ್ಮ ಊರಿಗೆ ಚೀಟಿ ಎತ್ತಿ ಹಂಚಿದರು. ಸಾವಿರ ವರ್ಷದ ಕೇರಿಗಳನ್ನು ಒಂದೇ ದಿನ ಒಂದು ಡಬ್ಬಿಯ ಚೀಟಿಗಳು ಕಲಸಿಬಿಟ್ಟಿದ್ದವು. ನಮಗೆ ಬಂದ ನಿವೇಶನದ ಮಗ್ಗಲಿಗೆ ಮಾದಾರ ಮನೆತನದ ಹಿರಿಯರೊಬ್ಬರ ನಿವೇಶನ ಬಂತು. ಅವರು ಭಜನೆಯಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವರು. ಮರುದಿನ ಬೆಳಿಗ್ಗೆ ಕೈಯಲ್ಲಿ ಒಂದು ತೆಂಗಿನ ಸಸಿ ಹಿಡಿದು ಬಂದರು. "ಗೌಡ್ರ, ಇನ್ನ ನಾವು ಮಗ್ಗಲ ಮನಿಯವರಾದ್ವಿ. ಎರಡೂ ಮನಿ ನಡುವ ಇದನ್ನ ಹಚ್ಚೂಣ" ಎಂದರು. ಅಪ್ಪ "ಆತು" ಎಂದ. ಸಸಿ ತೆಗೆದುಕೊಂಡ.

ಆ ವಾರದಲ್ಲೇ ಅಪ್ಪ ನನ್ನ ಮುಂದೆ ಒಂದು ಹಾಳೆ ಇಟ್ಟ. ಬೇರೆ ಸಾಲಿನಲ್ಲಿ ಒಬ್ಬರ ಜೊತೆ ನಿವೇಶನ ಅದಲು ಬದಲು ಮಾಡಿಕೊಳ್ಳುವ ಒಪ್ಪಿಗೆ ಪತ್ರ. "ನೀನ ಬರಿ, ನಿನ್ನ ಅಕ್ಷರ ಛಲೋ ಅದಾವ" ಎಂದ. ನನಗೆ ಆಗ ಇಪ್ಪತ್ತು ವರ್ಷ. ಕಾಲೇಜಿನಲ್ಲಿ ವಚನ ಸಾಹಿತ್ಯ ಓದುತ್ತಿದ್ದೆ. ಯಾಕೆಂದು ಕೇಳಲಿಲ್ಲ, ಯಾಕೆಂದು ಗೊತ್ತಿತ್ತು. ಚೆಂದದ ಅಕ್ಷರದಲ್ಲಿ ಬರೆದೆ. ಎದುರು ಬಂದವರ ಕುಲ ಕೇಳದೆ ಮನೆಯ ಮಗನೆಂದುಕೊಳ್ಳಬೇಕೆಂಬ ಬಸವಣ್ಣನವರ ವಚನವನ್ನು ಅಪ್ಪ ಅವತ್ತು ಬೆಳಿಗ್ಗೆಯೂ ಲಿಂಗಪೂಜೆಯಲ್ಲಿ ಹಾಡಿದ್ದ.

ನಾವೊಬ್ಬರೇ ಅಲ್ಲ. ಒಂದು ವರ್ಷದೊಳಗೆ ಚೀಟಿ ಕಲಸಿದ್ದನ್ನು ಊರವರು ಕೂಡಿ ಮತ್ತೆ ಬೇರ್ಪಡಿಸಿದರು. ಯಾರ ಮೇಲೂ ಜಬರದಸ್ತಿ ಇಲ್ಲ, ಎಲ್ಲ "ಪರಸ್ಪರ ಒಪ್ಪಿಗೆ". ಈಗ ನಮ್ಮ ಪುನರ್ವಸತಿ ಊರಿಗೆ ಬಂದರೆ ಸಿಮೆಂಟ್ ರಸ್ತೆ, ವಿದ್ಯುತ್ ಕಂಬ, ಮನೆ ನಂಬರು ಎಲ್ಲ ಹೊಸದು. ಓಣಿ ಮಾತ್ರ ಹಳೆಯವು. ಹೊಳೆ ನಮ್ಮ ಗುಡಿಯನ್ನು ಮುಳುಗಿಸಿತು, ಗರಡಿಮನೆ ಮುಳುಗಿಸಿತು, ಬನ್ನಿಕಟ್ಟೆ ಮುಳುಗಿಸಿತು. ಜಾತಿಯನ್ನು ಮಾತ್ರ ಮುಳುಗಿಸಲು ಆಗಲಿಲ್ಲ. ಅದನ್ನು ನಾವು ತಲೆಯ ಮೇಲೆ ಹೊತ್ತು ತಂದೆವು, ಅಪ್ಪ ಆ ತಾಡೋಲೆ ಗಂಟು ಹೊತ್ತು ತಂದಷ್ಟೇ ಜೋಪಾನವಾಗಿ.

ತಾನು ಮಾದಾರ ಚನ್ನಯ್ಯನವರ ಮನೆಯ ಮಗನೆಂದು ಹೇಳಿಕೊಂಡವರು ಬಸವಣ್ಣನವರು. ಹರಳಯ್ಯ ಮಧುವರಸರು ಬೀಗರಾದದ್ದಕ್ಕೆ ಎಳೆಹೂಟೆ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಅವರು ಮಕ್ಕಳ ಮದುವೆ ಮಾಡಿ ಪ್ರಾಣ ಕೊಟ್ಟರು. ನಮಗೆ ಸರಕಾರವೇ ಜಾಗ ಕೊಟ್ಟು, ಚೀಟಿಯೂ ಎತ್ತಿಕೊಟ್ಟಾಗ, ಒಂದು ಗೋಡೆ ಹಂಚಿಕೊಳ್ಳಲಾಗಲಿಲ್ಲ.

ಅಪ್ಪ ಲಿಂಗೈಕ್ಯನಾಗಿ ಕೆಲವು ವರ್ಷವಾಯಿತು. ಆ ರಾತ್ರಿ ಭಜನೆಗೆ ಆ ಹಿರಿಯರೂ ಬಂದು ಬೆಳಗಿನತನಕ ಹಾಡಿದರು. ನಾನು ಅವರನ್ನು ಮಾತಾಡಿಸಲು ನಾಚಿದೆ. ಹೋದ ವರ್ಷ ಧೈರ್ಯ ಮಾಡಿ ಅವರ ಮನೆಗೆ ಹೋಗಿ, ಆ ಪತ್ರ ಬರೆದವನು ನಾನು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀರ ಎಲ್ಲಾರ ಮನೀಗೂ ಒಂದ ದಿನ ಬಂತಲ್ರೀ ಸರ" ಎಂದರು. ಮತ್ತೇನೂ ಅನ್ನಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಅವರ ಮನೆಯಲ್ಲಿ ಊಟ ಮಾಡಿ ಬಂದೆ. ಅವರು ತಂದ ತೆಂಗಿನ ಸಸಿಯನ್ನು ಅಪ್ಪ ಹೊಸ ನಿವೇಶನದ ಹಿತ್ತಲಿಗೆ ಹಚ್ಚಿದ್ದ. ಅದರ ಕಾಯಿ ನಾವು ಈಗಲೂ ತಿನ್ನುತ್ತೇವೆ.

ಬಂಧುಗಳೆ, ನಮ್ಮದು ಸ್ವತಂತ್ರ ಧರ್ಮ, ಅದಕ್ಕೆ ಮಾನ್ಯತೆ ಬೇಕು ಎಂಬ ಹೋರಾಟದಲ್ಲಿ ನಾನೂ ಹೆಜ್ಜೆ ಹಾಕಿದವನು. ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ 2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಮಾಡಿದ ದಿನ ನಮ್ಮ ಊರಲ್ಲೂ ಸಿಹಿ ಹಂಚಿದೆವು. ಕೇಂದ್ರ ಒಪ್ಪಲಿಲ್ಲ. ಬೇಡಿಕೆ ನ್ಯಾಯವಾದದ್ದು, ಅದು ಮುಂದುವರಿಯಲಿ. ಆದರೆ ಮಾನ್ಯತೆಯ ಪತ್ರವೂ ಒಂದು ಗಂಟೇ. ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿದರೆ ಗೆದ್ದಲು ಹತ್ತುತ್ತದೆ. ನಾವು ಬೇರೆ ಧರ್ಮ ಎಂದು ಹೇಳುವಾಗ ಎದುರಿನವರು ಕೇಳುತ್ತಾರೆ, "ಯಾವುದರಲ್ಲಿ ಬೇರೆ?" ಎಂದು. ನಮ್ಮ ಓಣಿಗಳ ನಕ್ಷೆ ತೋರಿಸಿ ಉತ್ತರ ಹೇಳಲು ಆಗುತ್ತದೆಯೇ?

ಕೊನೆಯದಾಗಿ ಮುಂದಿನ ಮಾತು. ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಈ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿದೆ. ಅದು ಕಾರ್ಯಗತವಾದ ದಿನ ಇನ್ನಷ್ಟು ಹಳ್ಳಿಗಳು ಎದ್ದು ಹೊರಡಬೇಕು. ಆ ಊರುಗಳ ಜನ ಈ ಸಭೆಯಲ್ಲಿದ್ದೀರಿ. ಪರಿಹಾರಕ್ಕಾಗಿ ನೀವು ಹೋರಾಡಿ, ನಾವು ಬೆನ್ನಿಗಿರುತ್ತೇವೆ. ಜೊತೆಗೆ ಈ ಮೂರು ಮಾತು ನೆನಪಿಡಿ.

ಒಂದು, ನಿಮ್ಮ ಮನೆಯಲ್ಲಿ ತಾಡೋಲೆಯೋ ಹಳೆಯ ಕೈಬರಹವೋ ಇದ್ದರೆ ಇವತ್ತೇ ಬಿಚ್ಚಿ, ಬಲ್ಲವರಿಗೆ ತೋರಿಸಿ, ಪ್ರತಿ ಮಾಡಿಸಿ. ಎರಡು, ಮನೆಯಲ್ಲಿ ಆಯಿ, ಅಮ್ಮ ಹಾಡುವ ವಚನ, ಪದ, ಬೀಸುಕಲ್ಲಿನ ಹಾಡನ್ನು ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲೇ ಹಿಡಿದಿಡಿ, ತಪ್ಪಿದ್ದರೂ ಇರಲಿ. ನನ್ನ ಆಯಿಯ ಒಂದು ಹಾಡೂ ನನ್ನ ಹತ್ತಿರ ಉಳಿದಿಲ್ಲ. ಮೂರನೆಯದೇ ಮುಖ್ಯ. ಹೊಸ ಊರಿನಲ್ಲಿ ಚೀಟಿ ಎತ್ತಿದರೆ, ಚೀಟಿ ಎಲ್ಲಿ ಬಿತ್ತೋ ಅಲ್ಲೇ ಮನೆ ಕಟ್ಟಿ. ಅದಲು ಬದಲು ಹಾಳೆಗೆ ಸಹಿ ಹಾಕಬೇಡಿ, ಬರೆಯಲು ಹೇಳಿದರೆ ಓದಿದ ಹುಡುಗರು ಬರೆಯಬೇಡಿ. ಪೂಜ್ಯರಲ್ಲೂ ನನ್ನ ವಿನಂತಿ ಇದೇ. ಗೃಹಪ್ರವೇಶಕ್ಕೆ ಪಾದಪೂಜೆಗೆ ಕರೆದಾಗ, ಮಗ್ಗಲ ಮನೆ ಯಾರದು, ಅವರನ್ನು ಪ್ರಸಾದಕ್ಕೆ ಕರೆದಿದ್ದೀರಾ ಎಂದು ತಾವು ಒಂದು ಮಾತು ಕೇಳಬೇಕು. ಆ ಒಂದು ಪ್ರಶ್ನೆಗೆ ಇರುವ ಬಲ ನನ್ನಂಥವನ ಹತ್ತು ಉಪನ್ಯಾಸಕ್ಕಿಲ್ಲ.

ಹಳೆಯ ಊರು ನೀರಿನ ಕೆಳಗಿದೆ, ಅದನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಹೊಸ ಊರು ಹೇಗಿರಬೇಕೆಂಬುದು ಇನ್ನೂ ನಮ್ಮ ಕೈಯಲ್ಲಿದೆ.